ಸಹಾಯ ಬೇಕು: 4000 ರೂಪಾಯಿಯಲ್ಲಿ 19 ಮಂದಿಗೆ ದೀಪಾವಳಿ ಉಡುಗೊರೆ

ನಮಸ್ಕಾರ. ಕಾಸರಗೋಡಿನ ಬದಿಯಡ್ಕದ ಹತ್ತಿರದ ನಮ್ಮ ತರವಾಡು ಮನೆಯಲ್ಲಿ (ಕುಟುಂಬದ ಮೂಲ ಮನೆ) ಈ ದೀಪಾವಳಿಗೆ 19 ಮಂದಿ ಸೇರುತ್ತೇವೆ, ಅದರಲ್ಲಿ ಮಕ್ಕಳೇ ಏಳು. ಕಳೆದ ವರ್ಷ ಎಲ್ಲರಿಗೂ ಬಟ್ಟೆ ತೆಗೆದೆ. ಆ ಸಾಲ ತೀರುವಷ್ಟರಲ್ಲಿ ವಿಷು ಬಂದು ಮಕ್ಕಳ ಕೈನೀಟದ (ಹಬ್ಬಕ್ಕೆ ಹಿರಿಯರು ಕೈಗಿಡುವ ದುಡ್ಡು) ಖರ್ಚು ಎದುರು ನಿಂತಿತ್ತು.

ಚೀಟಿ ಎತ್ತಿ ಒಬ್ಬರು ಒಬ್ಬರಿಗೆ ಮಾತ್ರ ಕೊಡೋಣ, 300 ರೂಪಾಯಿ ಮೀರುವುದು ಬೇಡ ಎಂದೆ. ದೊಡ್ಡ ಅತ್ತಿಗೆ, "ಹಬ್ಬವೋ, ಕುರಿಯೋ?" ಎಂದರು. (ಘಟ್ಟದ ಮೇಲಿನವರು ಗಾಬರಿಯಾಗಬೇಡಿ, ಇಲ್ಲಿ ಚಿಟ್ ಫಂಡಿಗೆ ಕುರಿ ಎನ್ನುತ್ತಾರೆ.)

ಈಗಿನ ಯೋಚನೆ: ಮಕ್ಕಳಿಗೆ ಮಾತ್ರ ಉಡುಗೊರೆ, ದೊಡ್ಡವರಿಗೆ ಮನೆಗೊಂದು ಪೊಟ್ಟಣ. ಬೇಸಗೆಯಲ್ಲಿ ಒಣಗಿಸಿಟ್ಟ ಹಲಸಿನ ಹಪ್ಪಳ, ಮಾಂಬಳ (ಮಾವಿನ ಹಣ್ಣಿನ ರಸ ಒಣಗಿಸಿದ್ದು) ಇವೆ. ಬಾಳೆಕಾಯಿ ಉಪ್ಪೇರಿ (ಚಿಪ್ಸ್) ಹುರಿದರಾಯಿತು. ಅಮ್ಮನಿಗೆ ಮಾತ್ರ ಕಾಸರಗೋಡಿನ ಕೈಮಗ್ಗದ ಹತ್ತಿ ಸೀರೆ ಕೊಡುವ ಆಸೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಸೀರೆ, ಬೆಲೆಯೂ ಅದಕ್ಕೆ ತಕ್ಕ ಹಾಗೆ. ಅದಕ್ಕೆ ತಮ್ಮ ತಂಗಿಯರ ಪಾಲು ಕೇಳಬಹುದೇ?

ಐದರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ತಲಾ 200 ರೂಪಾಯಿಯಲ್ಲಿ ಏನು ಕೊಡಬಹುದು? ಪ್ಲಾಸ್ಟಿಕ್ ಆಟಿಕೆ ಬೇಡ, ಮೂರು ದಿನವೂ ಬಾಳುವುದಿಲ್ಲ. ಅತ್ತಿಗೆಗೆ ಬೇಸರವಾಗದಂತೆ ಇದನ್ನೆಲ್ಲ ಹೇಳುವ ಉಪಾಯವಿದ್ದರೆ ಅದನ್ನು ಮೊದಲು ತಿಳಿಸಿ.