ಮನೆ ಹಿಂದಿನ ಕಾಡು ಯಾರದು? ಕೌಂಟಿ ಮ್ಯಾಪ್ ನೋಡಿದವರು ಅನುಭವ ಹೇಳಿ

ಪ್ರಶ್ನೆ (ಕ್ಯಾರಿ, ನಾರ್ತ್ ಕ್ಯಾರೊಲಿನಾ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಒಂದು ಮನೆಗೆ ಆಫರ್ ಹಾಕಿದ್ದೇವೆ, ಒಪ್ಪಿಗೆಯೂ ಸಿಕ್ಕಿದೆ. ಮನೆ ಹಿಂದೆ ದಟ್ಟವಾದ ಮರಗಳಿವೆ. ನಿಜ ಹೇಳಬೇಕೆಂದರೆ ಮನೆಗಿಂತ ಆ ಮರಗಳಿಗೇ ಮನಸೋತಿದ್ದು. "ಅಲ್ಲಿ ಯಾವತ್ತೂ ಏನೂ ಕಟ್ಟಲ್ಲ" ಅಂತ ಮಾರುವವರ ಏಜೆಂಟ್ ಹೇಳುತ್ತಾರೆ. ಬರೆದುಕೊಡಿ ಅಂದರೆ ಮಾತು ಬದಲಿಸುತ್ತಾರೆ. ವೇಕ್ ಕೌಂಟಿಯ ಆನ್‌ಲೈನ್ ಮ್ಯಾಪ್ ನೋಡಿ, ಎಲ್ಲಾ ಸಿಗುತ್ತದೆ ಎಂದು ಆಫೀಸಿನಲ್ಲಿ ಒಬ್ಬರು ಹೇಳಿದರು. ಊರಲ್ಲಿ ದಿಶಾಂಕ್ ಆ್ಯಪ್ ತೆರೆದು ಅಪ್ಪನ ಜಮೀನಿನ ಸರ್ವೆ ನಂಬರ್ ನೋಡಿದ ಅಭ್ಯಾಸ ಇದೆ. ಆದರೆ ಇಲ್ಲಿನ ಪಿನ್ (ಜಾಗದ ಗುರುತಿನ ನಂಬರ್), ಡೀಡ್ ಬುಕ್ (ಕ್ರಯಪತ್ರಗಳ ದಾಖಲೆ), ಬಣ್ಣಬಣ್ಣದ ಲೇಯರ್ ನೋಡಿ ತಲೆ ಕೆಟ್ಟಿದೆ. ಜೊತೆಗೆ ಪಕ್ಕದವರ ಬೇಲಿ ನಮ್ಮ ಗೆರೆಯೊಳಗೆ ಬಂದ ಹಾಗೆ ಕಾಣುತ್ತಿದೆ. ಎಲ್ಲಾ ಪರಿಶೀಲಿಸಿ, ಬೇಡವೆಂದರೆ ಹೊರಬರಲು ಸಿಗುವ ಡ್ಯೂ ಡಿಲಿಜೆನ್ಸ್ ಅವಧಿ ಬೇಗ ಮುಗಿಯುತ್ತದೆ, ಆ ಫೀ ವಾಪಸ್ ಬರಲ್ಲ. ಏನು ನೋಡಬೇಕು, ಎಷ್ಟು ನಂಬಬೇಕು, ಬಲ್ಲವರು ಹೇಳಿ.

ಉತ್ತರ (ಏಪೆಕ್ಸ್, ವೇಕ್ ಕೌಂಟಿ)

ಸರ್, ನಾವು ಇದೇ ಕೌಂಟಿಯಲ್ಲಿ ಮನೆ ತಗೊಂಡವರು. ಇಲ್ಲಿ ಬಹಳ ಜನ ಐಮ್ಯಾಪ್ಸ್ (ನೀವು ಹೇಳಿದ ಕೌಂಟಿಯ ಆನ್‌ಲೈನ್ ಮ್ಯಾಪ್) ತೆರೆಯುತ್ತಾರೆ, ತಮ್ಮ ಮನೆ ಮೇಲೆ ಕ್ಲಿಕ್ ಮಾಡುತ್ತಾರೆ, ಮಾಲೀಕರ ಹೆಸರು ಸರಿ ಇದೆ ಅಂತ ನೋಡಿ ಮುಚ್ಚುತ್ತಾರೆ. ನಿಮ್ಮ ಮನೆಯ ವಿವರವನ್ನು ಅಟಾರ್ನಿ ಹೇಗೂ ನೋಡುತ್ತಾರೆ. ನೀವು ಸುತ್ತಮುತ್ತಲ ತುಂಡುಗಳ ಮೇಲೆ ಕ್ಲಿಕ್ ಮಾಡಿ. ಅದನ್ನು ನಿಮಗಾಗಿ ಬೇರೆ ಯಾರೂ ಮಾಡಲ್ಲ.

ಮೊದಲು ಹಿಂದಿನ ಮರಗಳಿರುವ ಜಾಗ. ಕ್ಲಿಕ್ ಮಾಡಿದರೆ ಮಾಲೀಕರು, ಎಷ್ಟು ಎಕರೆ, ಡೀಡ್ ಯಾವತ್ತಿನದು, ಯಾವ ಬುಕ್, ಯಾವ ಪೇಜ್ ಎಲ್ಲಾ ಬರುತ್ತದೆ. ಎಕರೆ ಲೆಕ್ಕ ನಮ್ಮೂರಿನದೇ. 40 ಗುಂಟೆಗೆ ಒಂದು ಎಕರೆ, 43,560 ಚದರಡಿ. 0.25 ಅಂತ ಇದ್ದರೆ 10 ಗುಂಟೆ ಅಂದುಕೊಳ್ಳಿ, ಅಂದಾಜು ತಕ್ಷಣ ಸಿಗುತ್ತದೆ.

ಮಾಲೀಕರ ಹೆಸರಲ್ಲೇ ಅರ್ಧ ಉತ್ತರ ಇರುತ್ತದೆ. ಎಚ್‌ಒಎ (ಬಡಾವಣೆಯ ಮನೆಮಾಲೀಕರ ಸಂಘ) ಹೆಸರಿದ್ದರೆ ಒಳ್ಳೆಯದು, ಆದರೆ ಅಷ್ಟಕ್ಕೇ ಬಿಡಬೇಡಿ. ಬಡಾವಣೆಯ ಪ್ಲ್ಯಾಟ್ (ದಾಖಲಾದ ನಕ್ಷೆ) ರಿಜಿಸ್ಟರ್ ಆಫ್ ಡೀಡ್ಸ್, ಅಂದರೆ ನೋಂದಣಿ ಕಚೇರಿಯ ತಾಣದಲ್ಲಿ "ಬುಕ್ ಆಫ್ ಮ್ಯಾಪ್ಸ್" ಕೆಳಗೆ ಸಿಗುತ್ತದೆ. ಅದರಲ್ಲಿ ಆ ಜಾಗಕ್ಕೆ "ಕಾಮನ್ ಓಪನ್ ಸ್ಪೇಸ್" ಅಂತ ಬರೆದಿದೆಯಾ, "ಮುಂದಿನ ಹಂತಕ್ಕೆ" ಅಂತ ಬರೆದಿದೆಯಾ ನೋಡಿ. ಎರಡನೆಯದಾದರೆ ಅಲ್ಲಿ ಮನೆ ಬರುತ್ತದೆ. ಟೌನ್ ಹೆಸರಿದ್ದರೆ ಪಾರ್ಕ್ ಅಥವಾ ಗ್ರೀನ್‌ವೇ ಇರಬಹುದು. ಆಗ ಬೇಲಿ ಪಕ್ಕದಲ್ಲೇ ಜನ ವಾಕಿಂಗ್ ಮಾಡಬಹುದು, ಅದು ನಿಮಗೆ ಇಷ್ಟವಾ ಯೋಚಿಸಿ. ಬಿಲ್ಡರ್ ಹೆಸರಿದ್ದರೆ ಹೇಳುವುದೇ ಬೇಡ.

ಜಾಸ್ತಿ ಯಾಮಾರಿಸುವುದು ಯಾವುದೋ ಹಳೆಯ ಕುಟುಂಬದ ಹೆಸರಲ್ಲಿರುವ ದೊಡ್ಡ ತುಂಡು. "ಅಜ್ಜ ಅಜ್ಜಿ ಇದ್ದಾರೆ, ಮಾರಲ್ಲ" ಅಂತ ಎಲ್ಲರೂ ಹೇಳುತ್ತಾರೆ. ಅಂಥ ಜಾಗದ ತೆರಿಗೆ ವಿವರದಲ್ಲಿ ಪ್ರೆಸೆಂಟ್ ಯೂಸ್ ವ್ಯಾಲ್ಯೂ ರಿಯಾಯಿತಿ (ಮಾರುಕಟ್ಟೆ ಬೆಲೆಯ ಬದಲು ಈಗಿನ ಬಳಕೆಯ ಬೆಲೆಗೆ ತೆರಿಗೆ) ಇದೆಯಾ ನೋಡಿ. ಈ ರಾಜ್ಯದಲ್ಲಿ ಬೇಸಾಯಕ್ಕೆ 10 ಎಕರೆ, ತೋಟಗಾರಿಕೆಗೆ 5, ಕಾಡಿಗೆ 20 ಎಕರೆ ಇದ್ದರೆ ತೆರಿಗೆ ಕಡಿಮೆ. ಕಾಡಿನ ಲೆಕ್ಕದಲ್ಲಿ ರಿಯಾಯಿತಿ ಪಡೆದಿದ್ದರೆ ಅದು ಮರ ಮಾರಲು ಬೆಳೆಸುವ ಕಾಡು, ಅದಕ್ಕೊಂದು ಯೋಜನೆಯೂ ಇರಬೇಕು. ಅಂದರೆ ಒಂದು ದಿನ ಅದನ್ನು ಕಡಿಯುತ್ತಾರೆ! ರಿಯಾಯಿತಿ ಬಿಟ್ಟು ಮಾರಿದರೆ ಉಳಿಸಿಕೊಂಡಿದ್ದ ತೆರಿಗೆಯಲ್ಲಿ ಹಿಂದಿನ 3 ವರ್ಷದ್ದು ಬಡ್ಡಿ ಸಮೇತ ಕಟ್ಟಬೇಕು. ಇಲ್ಲಿನ ಭೂಮಿಯ ಬೆಲೆಗೆ ಅದು ಯಾವ ಲೆಕ್ಕ, ಅಲ್ವಾ?

ಆಮೇಲೆ ನೆರೆ ಬರುವ ಜಾಗ ತೋರಿಸುವ ಫ್ಲಡ್‌ಪ್ಲೇನ್ ಲೇಯರ್ ಹಾಕಿ. ಮರಗಳ ನಡುವೆ ಹಳ್ಳ ಇದ್ದರೆ ನಿಮ್ಮ ಅದೃಷ್ಟ. ನ್ಯೂಸ್ ನದಿಗೆ ಸೇರುವ ಹಳ್ಳಗಳ ಎರಡೂ ದಡದಲ್ಲಿ 50 ಅಡಿ ಗಿಡಮರ ಉಳಿಸಬೇಕೆಂಬ ನಿಯಮ ಇದೆ. ಆ ಪಟ್ಟಿ ಉಳಿಯುತ್ತದೆ. ಆದರೆ ಅದೇ ನೀಲಿ ಬಣ್ಣ ನಿಮ್ಮ ಮನೆಯ ಗೋಡೆ ಮುಟ್ಟಿದ್ದರೆ ಕಥೆ ಬೇರೆ. ಫೀಮಾ (ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ) ಮ್ಯಾಪ್‌ನಲ್ಲಿ ಎಇ ಅಂತ ಬಂದರೆ ಬ್ಯಾಂಕಿನವರು ಫ್ಲಡ್ ಇನ್ಶೂರೆನ್ಸ್ ಕೇಳುತ್ತಾರೆ. ಎಕ್ಸ್ ಅಂತ ಬಂದರೆ ಸಾಮಾನ್ಯವಾಗಿ ಕೇಳಲ್ಲ.

ಹಳೆಯ ವರ್ಷಗಳ ಏರಿಯಲ್ ಫೋಟೋ ಕೂಡ ಇವೆ. ಹಿಂದಕ್ಕೆ ಹೋಗಿ ನೋಡಿ. ನಮ್ಮ ಬೀದಿಯ ಜಾಗದಲ್ಲಿ ಮೊದಲು ಕೆರೆ ಇತ್ತು ಅಂತ ನಮಗೆ ಗೊತ್ತಾಗಿದ್ದೇ ಹಾಗೆ. ಬೇಸ್‌ಮೆಂಟ್ ಯಾಕೆ ತೇವ ಎಂಬುದಕ್ಕೂ ಉತ್ತರ ಸಿಕ್ಕಿತು.

ಉತ್ತರ (ಜಿಐಎಸ್, ಅಂದರೆ ಕಂಪ್ಯೂಟರ್ ನಕ್ಷೆ ಮಾಡುವ ಕೆಲಸದಲ್ಲಿರುವವರು, ಷಾರ್ಲೆಟ್)

ಬೇಲಿ ವಿಷಯ ನಾನು ಹೇಳುತ್ತೇನೆ. ಹೊಟ್ಟೆಪಾಡಿಗೆ ಇಂಥ ಗೆರೆ ಎಳೆಯುವವಳು ನಾನು.

ಕೌಂಟಿ ಮ್ಯಾಪ್ ಇರುವುದು ತೆರಿಗೆ ಹಾಕುವುದಕ್ಕೆ. ಡೀಡ್‌ನಲ್ಲಿ, ಪ್ಲ್ಯಾಟ್‌ನಲ್ಲಿ ಬರೆದ ಅಳತೆ ನೋಡಿ ಗೆರೆ ಎಳೆದಿರುತ್ತಾರೆ. ಹಳೆಯ ಬಡಾವಣೆಗಳಲ್ಲಿ ಕಾಗದದ ನಕ್ಷೆಯನ್ನೇ ಕಂಪ್ಯೂಟರಿಗೆ ಇಳಿಸಿರುತ್ತಾರೆ. ಅದರ ಕೆಳಗೆ ಕಾಣುವ ಫೋಟೋ ವಿಮಾನದಿಂದ ತೆಗೆದದ್ದು. ಅದು ಸ್ವಲ್ಪ ಓರೆಯಾಗಿದ್ದರೆ ಚಾವಣಿ, ಮರ, ಬೇಲಿ ಎಲ್ಲಾ ಒಂದು ಕಡೆಗೆ ವಾಲಿದಂತೆ ಕಾಣುತ್ತದೆ. ಗೆರೆ, ಫೋಟೋ ಎರಡರಲ್ಲೂ ಸ್ವಲ್ಪ ಸ್ವಲ್ಪ ತಪ್ಪು ಸೇರಿ ಕೆಲವು ಅಡಿ ಆಚೀಚೆ ಆಗುವುದು ಮಾಮೂಲು. ಪರೀಕ್ಷೆ ಸುಲಭ: ಇಡೀ ಬೀದಿ ನೋಡಿ. ಎಲ್ಲರ ಬೇಲಿಯೂ ಒಂದೇ ದಿಕ್ಕಿಗೆ, ಒಂದೇ ಅಳತೆಗೆ ಜರುಗಿದ್ದರೆ ದೋಷ ಮ್ಯಾಪಿನದು. ನಿಮ್ಮ ಪಕ್ಕದವರ ಬೇಲಿ ಮಾತ್ರ ಒಳಗೆ ಬಂದಿದ್ದರೆ ಅನುಮಾನ ಪಡಿ.

ಹಾಗಂತ ಸ್ಕ್ರೀನ್‌ಶಾಟ್ ಹಿಡಿದು ಪಕ್ಕದ ಮನೆ ಬಾಗಿಲು ತಟ್ಟಬೇಡಿ. ಲೈಸೆನ್ಸ್ ಇರುವ ಸರ್ವೇಯರ್ ಕರೆಸಿ. ಅವರು ಮೂಲೆಗಳಲ್ಲಿ ಹೂತಿರುವ ಕಬ್ಬಿಣದ ಪಿನ್ ಹುಡುಕಿ ಗುರುತು ಹಾಕಿ ಕೊಡುತ್ತಾರೆ. ನಾರ್ತ್ ಕ್ಯಾರೊಲಿನಾದಲ್ಲಿ ಮನೆ ಕೊಳ್ಳಲು ಸರ್ವೆ ಕಡ್ಡಾಯವಲ್ಲ, ಅದಕ್ಕೇ ಅನೇಕರು ದುಡ್ಡು ಉಳಿಸಲು ಹೋಗುತ್ತಾರೆ. ಬೇಲಿ ಬಗ್ಗೆ ಅನುಮಾನ ಇರುವಾಗ ಇದು ಉಳಿತಾಯ ಮಾಡುವ ಜಾಗ ಅಲ್ಲ. ಈ ರಾಜ್ಯದಲ್ಲಿ 20 ವರ್ಷ ಬಹಿರಂಗವಾಗಿ, ತನ್ನದೇ ಎಂಬಂತೆ ಅನುಭವಿಸಿದ ಜಾಗದ ಮೇಲೆ ಹಕ್ಕು ಕೇಳಬಹುದು. ದೋಷ ಇರುವ ದಾಖಲೆಯಾದರೂ ಕೈಯಲ್ಲಿದ್ದರೆ 7 ವರ್ಷಕ್ಕೇ ಕೇಳಬಹುದು. ಬೇಲಿ ಎಷ್ಟು ಹಳೆಯದು ಅಂತ ತಿಳಿಯಲು ಮೇಲಿನವರು ಹೇಳಿದ ಹಳೆಯ ಏರಿಯಲ್ ಫೋಟೋಗಳೇ ಸಾಕು.

ಈಸ್‌ಮೆಂಟ್ ಕೂಡ ನೋಡಿ. ಹಿತ್ತಲಲ್ಲಿ ಚರಂಡಿ ಪೈಪಿಗೋ ವಿದ್ಯುತ್ ಲೈನಿಗೋ ಬಿಟ್ಟ ಪಟ್ಟಿ ಇರುತ್ತದೆ. ಜಾಗ ನಿಮ್ಮದೇ, ತೆರಿಗೆಯೂ ನಿಮ್ಮದೇ, ಆದರೆ ಅಲ್ಲಿ ಶೆಡ್ ಕಟ್ಟುವಂತಿಲ್ಲ. ಕೌಂಟಿ ಮ್ಯಾಪ್‌ನಲ್ಲಿ ಇದು ಎಷ್ಟೋ ಸಲ ಕಾಣುವುದೇ ಇಲ್ಲ. ಪ್ಲ್ಯಾಟ್‌ನಲ್ಲಿ ಚುಕ್ಕೆ ಗೆರೆಯಾಗಿ ಇರುತ್ತದೆ.

ಊರಿನ ಇಸಿ ತರಹ ಒಂದೇ ಕಾಗದದಲ್ಲಿ ಋಣಭಾರ ತೋರಿಸುವ ವ್ಯವಸ್ಥೆ ಇಲ್ಲಿಲ್ಲ. ಕ್ಲೋಸಿಂಗ್ ಅಟಾರ್ನಿ (ಖರೀದಿ ಮುಗಿಸಿಕೊಡುವ ವಕೀಲರು) ಟೈಟಲ್ ಸರ್ಚ್ ಮಾಡಿ, ಟೈಟಲ್ ಇನ್ಶೂರೆನ್ಸ್ ಕೊಡಿಸುತ್ತಾರೆ. ಅವರಿಗೆ ಬೇಲಿ ವಿಷಯ ಈಗಲೇ ಹೇಳಿ.

ಕೇಳಿದವರು

ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಬೀದಿ ಪೂರ್ತಿ ನೋಡಿದೆ ಮೇಡಂ, ಎಲ್ಲರ ಬೇಲಿಯೂ ಒಂದೇ ಕಡೆ ಜರುಗಿದೆ. ಆದರೂ ಸರ್ವೇಯರ್‌ಗೆ ಹೇಳಿದ್ದೇನೆ. ಹಿಂದಿನ ಕಾಡು ಒಂದೇ ತುಂಡು ಅಲ್ಲ. ಮನೆಗೆ ಅಂಟಿಕೊಂಡಂತೆ ಸಣ್ಣ ಪಟ್ಟಿ ಎಚ್‌ಒಎ ಹೆಸರಲ್ಲಿದೆ. ಅದರಾಚೆಗಿನ ದೊಡ್ಡ ಭಾಗ ಒಂದು ಎಲ್‌ಎಲ್‌ಸಿ (ಒಂದು ಬಗೆಯ ಕಂಪನಿ) ಹೆಸರಲ್ಲಿದೆ. ಇದು ಯಾರು ಅಂತ ತಿಳಿಯುವುದು ಹೇಗೆ?

ಉತ್ತರ (ಏಪೆಕ್ಸ್)

ಅಂದರೆ ಏಜೆಂಟ್ ಹೇಳಿದ್ದು ಆ ಸಣ್ಣ ಪಟ್ಟಿಯ ಮಟ್ಟಿಗೆ ಸತ್ಯ. ಜಾಣರು!

ಎಲ್‌ಎಲ್‌ಸಿ ಹೆಸರನ್ನು ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ತಾಣದಲ್ಲಿ ಹಾಕಿ, ಉಚಿತ. ಯಾವಾಗ ಶುರುವಾಯಿತು, ರಿಜಿಸ್ಟರ್ಡ್ ಏಜೆಂಟ್ ಯಾರು ಎಂದು ಬರುತ್ತದೆ. ತೆರಿಗೆ ಬಿಲ್ ಹೋಗುವ ವಿಳಾಸವನ್ನೂ ನೋಡಿ. ಅದು ಯಾವುದಾದರೂ ಬಿಲ್ಡರ್ ಆಫೀಸಿನ ವಿಳಾಸವೇ ಆಗಿದ್ದರೆ ಉತ್ತರ ಸಿಕ್ಕಿತಲ್ಲ. ಡೀಡ್ ತೆರೆದರೆ ಮೇಲ್ಗಡೆ ಎಕ್ಸೈಸ್ ಟ್ಯಾಕ್ಸ್ ಮೊತ್ತ ಇರುತ್ತದೆ. ಇಲ್ಲಿ ಮಾರಿದ ಬೆಲೆಯಲ್ಲಿ ಪ್ರತಿ 500 ಡಾಲರಿಗೆ 1 ಡಾಲರ್. ಅಲ್ಲಿ 1,000 ಡಾಲರ್ ಅಂತ ಇದ್ದರೆ ಜಾಗ ಮಾರಿದ್ದು 5 ಲಕ್ಷ ಡಾಲರಿಗೆ. ಇತ್ತೀಚೆಗೆ ಒಳ್ಳೆಯ ಬೆಲೆ ಕೊಟ್ಟು ತಗೊಂಡವರು ಮರ ನೋಡುತ್ತಾ ಕೂರಲು ತಗೊಂಡಿರಲ್ಲ.

ಉತ್ತರ (ಫ್ರಿಸ್ಕೊ, ಟೆಕ್ಸಾಸ್)

ಆ ಎಕ್ಸೈಸ್ ಟ್ಯಾಕ್ಸ್ ಲೆಕ್ಕ ನಮ್ಮ ಕಡೆ ನಡೆಯಲ್ಲ ಅಣ್ಣ. ಟೆಕ್ಸಾಸ್‌ನಲ್ಲಿ ಮಾರಿದ ಬೆಲೆ ಬಹಿರಂಗಪಡಿಸಬೇಕೆಂಬ ಕಾನೂನೇ ಇಲ್ಲ. ಇಲ್ಲಿ ನೋಡಬೇಕಾದ್ದು ತೆರಿಗೆಗೆ ಬೆಲೆ ಕಟ್ಟುವ ಅಪ್ರೈಸಲ್ ಡಿಸ್ಟ್ರಿಕ್ಟ್‌ನ ತಾಣ. ನಮ್ಮ ಫ್ರಿಸ್ಕೊ ಊರೇ ಅರ್ಧ ಕಾಲಿನ್ ಕೌಂಟಿ, ಇನ್ನರ್ಧ ಡೆಂಟನ್ ಕೌಂಟಿ. ಮೊದಲು ಮನೆ ಯಾವ ಕಡೆಗೆ ಅಂತ ತಿಳಿಯಬೇಕು.

ನಾನು ಹೇಳಬೇಕೆಂದಿದ್ದು ತೆರಿಗೆ ಬಗ್ಗೆ. ಅಲ್ಲಿ ಕಾಣುವ ತೆರಿಗೆ ಈಗಿನ ಮಾಲೀಕರದು, ನಿಮ್ಮದಲ್ಲ. ಹೋಮ್‌ಸ್ಟೆಡ್ (ಮಾಲೀಕರೇ ವಾಸಿಸುವ ಮನೆಗೆ ಸಿಗುವ ರಿಯಾಯಿತಿ) ಇದ್ದರೆ ಇಲ್ಲಿ ತೆರಿಗೆಗೆ ಹಿಡಿಯುವ ಬೆಲೆ ವರ್ಷಕ್ಕೆ 10% ಮೀರಿ ಏರುವಂತಿಲ್ಲ. 65 ದಾಟಿದವರಿಗೆ ಸ್ಕೂಲ್ ಟ್ಯಾಕ್ಸ್ ಏರುವುದೇ ಇಲ್ಲ. ವಯಸ್ಸಾದ ದಂಪತಿ ಬಹಳ ವರ್ಷ ಇದ್ದ ಮನೆಯ ಬಿಲ್ ನೋಡಿ "ಪರವಾಗಿಲ್ಲ, ಕಡಿಮೆ ಇದೆ" ಅಂತ ತಗೊಂಡರೆ, ಮುಂದಿನ ವರ್ಷ ಮಾರುಕಟ್ಟೆ ಬೆಲೆಗೆ ಬಿಲ್ ಬರುತ್ತದೆ. ಹಾಗಾಗಿ ಮಾರ್ಕೆಟ್ ವ್ಯಾಲ್ಯೂ ಕಾಲಂ ನೋಡಿ, ಒಟ್ಟು ದರದಿಂದ ನೀವೇ ಗುಣಿಸಿ. ಮಡ್ ಅಥವಾ ಪಿಡ್ ಅಂತ ಬೇರೆ ಸಾಲು ಇದೆಯಾ ಅದನ್ನೂ ನೋಡಿ. ಹೊಸ ಬಡಾವಣೆಯ ರಸ್ತೆ, ನೀರಿನ ಸಾಲ ತೀರಿಸುವ ಹಣ ಅದು.

ಉತ್ತರ (ಬೇ ಏರಿಯಾ)

ಕ್ಯಾಲಿಫೋರ್ನಿಯಾದಲ್ಲಿ ಇದು ಇನ್ನೂ ಜೋರು. 1978ರ ಪ್ರಪೊಸಿಷನ್ 13 ಪ್ರಕಾರ ತೆರಿಗೆಯ ಬೆಲೆ ವರ್ಷಕ್ಕೆ 2% ಮೀರಿ ಏರಲ್ಲ. ಮನೆ ಮಾರಿದ ತಕ್ಷಣ ಹೊಸ ಬೆಲೆ. ಪಕ್ಕಪಕ್ಕದ ಒಂದೇ ತರಹದ ಎರಡು ಮನೆಗೆ ಅಜಗಜಾಂತರ ತೆರಿಗೆ ಕಾಣುತ್ತದೆ, ಗಾಬರಿ ಬೇಡ. ಮಾಲೀಕರ ಹೆಸರನ್ನು ಇಲ್ಲಿನ ಅನೇಕ ಕೌಂಟಿಗಳು ಆನ್‌ಲೈನ್‌ನಲ್ಲಿ ತೋರಿಸಲ್ಲ. ಎಪಿಎನ್ (ಜಾಗದ ಗುರುತಿನ ನಂಬರ್) ಬರೆದುಕೊಂಡು, ತೆರಿಗೆಗೆ ಬೆಲೆ ಕಟ್ಟುವ ಅಸೆಸರ್ ಆಫೀಸಿಗೆ ಹೋಗಿ ಕೇಳಬೇಕು.

ಉತ್ತರ (ಹಾರ್ಟ್‌ಫರ್ಡ್, ಕನೆಕ್ಟಿಕಟ್)

ನಮ್ಮಲ್ಲಿ ಕೌಂಟಿ ಆಡಳಿತವೇ ಇಲ್ಲ. 1960ರಲ್ಲೇ ತೆಗೆದರು. ಸುಮ್ನೆ ಕೌಂಟಿ ಮ್ಯಾಪ್ ಅಂತ ಹುಡುಕಬೇಡಿ, ಟೌನ್ ಹೆಸರಿನ ಜೊತೆ ಅಸೆಸರ್ ಅಂತ ಹುಡುಕಿ. ಬಾಸ್ಟನ್ ಕಡೆಯವರಿಗೂ ತೆರಿಗೆ ವಿವರ ಟೌನ್‌ನಲ್ಲೇ ಸಿಗುವುದು.

ಉತ್ತರ (ಮಾರಿಸ್‌ವಿಲ್, ವೇಕ್ ಕೌಂಟಿ)

ಒಂದು ವಿಷಯ ಯಾರೂ ಹೇಳಲಿಲ್ಲ. ಕೌಂಟಿ ದಾಖಲೆಯಲ್ಲಿ ಹೀಟೆಡ್ ಏರಿಯಾ (ಹೀಟಿಂಗ್ ಇರುವ, ವಾಸದ ಜಾಗದ ಚದರಡಿ) ಎಷ್ಟು, ಜಾಹೀರಾತಿನಲ್ಲಿ ಎಷ್ಟು ಹೋಲಿಸಿ. ಜಾಹೀರಾತಿನಲ್ಲಿ ಜಾಸ್ತಿ ಇದ್ದರೆ ಗ್ಯಾರೇಜ್ ಮೇಲಿನ ರೂಮೋ ಅಟ್ಟವೋ ಪರ್ಮಿಟ್ ಇಲ್ಲದೆ ಮಾಡಿದ್ದಿರಬಹುದು. ಟೌನ್‌ನಲ್ಲಿ ಪರ್ಮಿಟ್ ಕೇಳಿ. ಕೌಂಟಿ ಹಾಕಿದ ಬೆಲೆಯನ್ನು ಮಾತ್ರ ಇವತ್ತಿನ ಬೆಲೆ ಅಂದುಕೊಳ್ಳಬೇಡಿ. ವೇಕ್‌ನಲ್ಲಿ 2020 ಆದಮೇಲೆ ಮರುಮೌಲ್ಯಮಾಪನ ಆಗಿದ್ದು 2024ರಲ್ಲಿ. ಆ ಜನವರಿ 1ರ ಲೆಕ್ಕ ಅದು.

ಇನ್ನೊಂದು, ನೀವು ಬೇರೆಯವರದನ್ನು ನೋಡುವ ಹಾಗೆ ನಾಳೆ ಎಲ್ಲರೂ ನಿಮ್ಮದನ್ನು ನೋಡುತ್ತಾರೆ. ಡೀಡ್ ದಾಖಲಾದ ಕೂಡಲೇ ಕಾಗದಗಳ ಸುರಿಮಳೆ. ಅದರಲ್ಲಿ ಒಂದು ಸರ್ಕಾರಿ ನೋಟಿಸ್ ತರಹವೇ ಇರುತ್ತದೆ, "ನಿಮ್ಮ ಡೀಡ್ ಪ್ರತಿಗೆ ಇಷ್ಟು ಕಳಿಸಿ" ಅಂತ. ಕಳಿಸಬೇಡಿ. ಪ್ರತಿ ರಿಜಿಸ್ಟರ್ ಆಫ್ ಡೀಡ್ಸ್ ತಾಣದಲ್ಲೇ ಇದೆ. ನಮ್ಮತ್ತೆ ಆ ಕಾಗದ ನೋಡಿ ಮನೆ ಜಪ್ತಿಗೆ ಬಂದಿದೆ ಅಂತ ಊರಿಗೆಲ್ಲ ಫೋನ್ ಮಾಡಿದ್ದರು.

ಕೇಳಿದವರು

ಎಲ್‌ಎಲ್‌ಸಿ ವಿಳಾಸ ಬಿಲ್ಡರ್ ಒಬ್ಬರದೇ. ಮನೆಯವಳ ಮುಖ ಸಪ್ಪಗಾಗಿದೆ. ನಾಳೆ ಟೌನ್‌ನ ಪ್ಲಾನಿಂಗ್ ವಿಭಾಗಕ್ಕೆ ಫೋನ್ ಮಾಡುತ್ತೇನೆ. ರೀಜೋನಿಂಗ್ (ಆ ಜಾಗದಲ್ಲಿ ಏನು ಕಟ್ಟಬಹುದೆಂಬ ನಿಯಮ ಬದಲಿಸುವ) ಅರ್ಜಿ ಬಂದಿದೆಯಾ ಅಂತ ಕೇಳಿದರೆ ಸಾಕಲ್ವಾ?

ಉತ್ತರ (ಷಾರ್ಲೆಟ್)

ಸಾಲದು ಸರ್. "ಅರ್ಜಿ ಇಲ್ಲ" ಅಂದರೆ ನೀವು ನಿರಾಳವಾಗಿ ಫೋನ್ ಇಡುತ್ತೀರಿ. ಈಗಿರುವ ಜೋನಿಂಗ್‌ನಲ್ಲೇ ಮನೆ ಕಟ್ಟಲು ಅವಕಾಶ ಇದ್ದರೆ ರೀಜೋನಿಂಗ್ ಬೇಕೇ ಇಲ್ಲ, ಪಬ್ಲಿಕ್ ಹಿಯರಿಂಗ್ ಕೂಡ ಇಲ್ಲದೆ ಕೆಲಸ ಶುರುವಾಗಬಹುದು. ಆ ತುಂಡಿನ ಪಿನ್ ನಂಬರ್ ಹೇಳಿ ಮೂರು ಕೇಳಿ. ಈಗಿನ ಜೋನಿಂಗ್‌ನಲ್ಲಿ ಎಕರೆಗೆ ಎಷ್ಟು ಮನೆ ಕಟ್ಟಬಹುದು? ಸೈಟ್ ಪ್ಲ್ಯಾನ್ ಏನಾದರೂ ಸಲ್ಲಿಕೆಯಾಗಿದೆಯಾ? ಗಡಿಯಲ್ಲಿ ಎಷ್ಟು ಅಡಿ ಮರ ಉಳಿಸಬೇಕು? ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ಎಚ್‌ಒಎ ಪಟ್ಟಿ ಎಷ್ಟು ಅಡಿ ಅಗಲ ಇದೆ ಅಂತ ಮ್ಯಾಪ್‌ನ ಅಳತೆ ಟೂಲ್‌ನಿಂದ ನೋಡಿ, ಅಷ್ಟಕ್ಕೆ ಅದು ಸಾಕು. ಎರಡನ್ನೂ ಕೂಡಿಸಿದರೆ ಎಷ್ಟು ಮರ ಉಳಿಯುತ್ತದೆ ಅನ್ನುವ ಅಂದಾಜು ಸಿಗುತ್ತದೆ. ಚಳಿಗಾಲದಲ್ಲಿ ಎಲೆ ಉದುರಿದಾಗ ಆಚೆಯ ಮನೆ ಕಂಡರೂ ಪರವಾಗಿಲ್ಲವಾ ಅಂತ ಮನೆಯವರ ಜೊತೆ ಕೂತು ಮಾತಾಡಿ. ಪರವಾಗಿಲ್ಲ ಅಂದರೆ ತಗೊಳ್ಳಿ, ಇಲ್ಲದಿದ್ದರೆ ಅವಧಿ ಮುಗಿಯುವ ಮೊದಲು ಹೊರಬನ್ನಿ.