ಕಡಲ ಹಕ್ಕಿಗೆ ಮಣ್ಣಿನ ಬಿಲ ಯಾಕೆ?

ತೀರ್ಥಹಳ್ಳಿ ತೋಟದಮನೆ:
ನಮ್ಮ ಅಡಿಕೆ ತೋಟದ ಧರೆಯಲ್ಲಿ ಪ್ರತಿ ವರ್ಷ ಮಿಂಚುಳ್ಳಿ ಬಿಲ ತೋಡುತ್ತದೆ. ಮೊನ್ನೆ ಅದನ್ನು ನೋಡುತ್ತಾ ಕೂತಿದ್ದಾಗ ಮಗ ಒಂದು ವಿಷಯ ಹೇಳಿದ. ವೇಲ್ಸ್‌ನ ಸ್ಕೋಮರ್ ದ್ವೀಪದಲ್ಲಿ ಮ್ಯಾಂಕ್ಸ್ ಶಿಯರ್‌ವಾಟರ್ ಅನ್ನುವ ಕಡಲ ಹಕ್ಕಿಯೂ ಹೀಗೇ ಬಿಲದಲ್ಲಿ ಮರಿ ಮಾಡುತ್ತದಂತೆ. ನೀರಿನ ಮೇಲೇ ಬದುಕುವ ಹಕ್ಕಿಗೆ ಬಿಲ ಯಾಕೆ? ನೋಡಿದವರು ಯಾರಾದರೂ ಇದ್ದೀರಾ?

ಸಾಗರದ ಮೇಷ್ಟ್ರು:
ನಾನು ನೋಡಿದ್ದೇನೆ. ಮಗಳ ಮನೆಗೆ ಹೋಗಿದ್ದಾಗ, ಜುಲೈನಲ್ಲಿ, ಒಂದು ರಾತ್ರಿ ಆ ದ್ವೀಪದಲ್ಲೇ ಉಳಿದಿದ್ದೆವು. ಅಲ್ಲಿ ಸುಮಾರು 3.5 ಲಕ್ಷ ಜೋಡಿ ಇವೆ. ಆದರೆ ಹಗಲು ನಮಗೆ ಒಂದೂ ಕಾಣಲಿಲ್ಲ. ಎಲ್ಲಿ ನೋಡಿದರೂ ತೂತು ಬಿದ್ದ ನೆಲ, ಅಷ್ಟೇ. ಪೂರ್ತಿ ಕತ್ತಲಾದ ಮೇಲೆ ಶುರುವಾಯಿತು ನೋಡಿ, ಗಂಟಲು ಕಟ್ಟಿದ ಹುಂಜಗಳೆಲ್ಲ ಒಟ್ಟಿಗೆ ಕೂಗಿದ ಹಾಗೆ. ತಲೆ ಮೇಲೂ ಕೂಗು, ಕಾಲಡಿಯ ಮಣ್ಣಿನೊಳಗೂ ಕೂಗು. ಒಂದು ಹಕ್ಕಿ ನನ್ನ ಪಕ್ಕದಲ್ಲೇ ದೊಪ್ಪನೆ ಇಳಿಯಿತು. ನಡೆಯಲಾಗದೆ ಎದೆ ಎಳೆದುಕೊಂಡು ಬಿಲ ಸೇರಿತು. ನನಗೆ ಕಣ್ಣು ತುಂಬಿ ಬಂತು.

ಅದರ ಕಾಲು ಮೈಯ ತೀರಾ ಹಿಂದಕ್ಕಿದೆ. ಈಜಲು ಸರಿ, ನೆಲದ ಮೇಲೆ ಕಷ್ಟ. ಹಗಲು ಬಂದರೆ ದೊಡ್ಡ ಕಡಲಕಾಗೆಗಳು ಹಿಡಿದು ತಿನ್ನುತ್ತವೆ. ಅದಕ್ಕೇ ಬಿಲ, ಅದಕ್ಕೇ ಕತ್ತಲು. ಬೆಳದಿಂಗಳ ರಾತ್ರಿ ಬರುವುದೂ ಕಡಿಮೆ.

ಮೇ ತಿಂಗಳಲ್ಲಿ ಒಂದೇ ಒಂದು ಬಿಳಿ ಮೊಟ್ಟೆ. ಸುಮಾರು 51 ದಿನ ಕಾವು. ಜೋಡಿಯಲ್ಲಿ ಒಂದು ಹಕ್ಕಿ ದಿನಗಟ್ಟಲೆ ಬಿಲದಲ್ಲಿ ಕೂತಿದ್ದರೆ ಇನ್ನೊಂದು ಕಡಲಲ್ಲಿ ಮೇಯುತ್ತಿರುತ್ತದೆ. ಮತ್ತೆ ಸರದಿ ಬದಲು. ಸಾಮಾನ್ಯವಾಗಿ ವರ್ಷ ವರ್ಷವೂ ಅದೇ ಜೋಡಿ, ಅದೇ ಬಿಲ.

ಹೊಸನಗರದಿಂದ:
ನಮ್ಮ ಧರೆಯ ಬಿಲಕ್ಕೆ ಹಾವಿನ ಭಯ. ಆ ಕಡಲ ಹಕ್ಕಿಗಳಿಗೆ ದೊಡ್ಡ ಇಲಿಗಳ ಕಾಟ ಜಾಸ್ತಿ. ಸ್ಕೋಮರ್‌ನಲ್ಲಿ ಮಾತ್ರ ಆ ದೊಡ್ಡ ಇಲಿ ಇಲ್ಲ. ಇಂಗ್ಲೆಂಡಿನ ಲಂಡಿ ದ್ವೀಪದಲ್ಲಿ 2001ರಲ್ಲಿ ಸುಮಾರು 300 ಜೋಡಿ ಉಳಿದಿದ್ದವು. ಇಲಿ ಪೂರ್ತಿ ತೆಗೆದ ಮೇಲೆ, 2018ರ ಹೊತ್ತಿಗೆ, 5,000 ದಾಟಿದವು.

ತೀರ್ಥಹಳ್ಳಿ ತೋಟದಮನೆ:
ಅಮ್ಮನಿಗೆ ಎಲ್ಲ ಓದಿ ಹೇಳಿದೆ. ಮರಿಗೆ ದಾರಿ ತೋರಿಸುವವರು ಯಾರು ಅಂತ ಕೇಳಿದರು.

ಸಾಗರದ ಮೇಷ್ಟ್ರು:
ಯಾರೂ ಇಲ್ಲ ಅಂತ ಹೇಳಿ. ತಿಂದು ತಿಂದು ಮರಿ ತಾಯಿಗಿಂತ ದಪ್ಪವಾಗುತ್ತದೆ. ಆಮೇಲೆ ಅಪ್ಪ ಅಮ್ಮ ಇಬ್ಬರೂ ಬರುವುದು ನಿಲ್ಲಿಸುತ್ತಾರೆ. ಒಂದು ವಾರದ ಮೇಲೆ ಅದು ಒಂಟಿಯಾಗಿ ಬಿಲದಲ್ಲೇ ಇರುತ್ತದೆ. ಹುಟ್ಟಿ ಸುಮಾರು 70 ದಿನಕ್ಕೆ, ಒಂದು ಕತ್ತಲ ರಾತ್ರಿ, ಹೊರಡುತ್ತದೆ. ಬ್ರೆಜಿಲ್, ಅರ್ಜೆಂಟೀನಾ ಕಡಲಿನ ತನಕ ಸುಮಾರು 10,000 ಕಿಲೋಮೀಟರ್. ಹಿಂದೆ ಒಮ್ಮೆಯೂ ಹೋಗದ ದಾರಿ. ಐದಾರು ವರ್ಷ ತುಂಬಿದಾಗ ತಾನೂ ಒಂದು ಜೋಡಿ ಕಟ್ಟಿಕೊಂಡು ಬಿಲ ಹಿಡಿಯುತ್ತದೆ, ಹೆಚ್ಚಾಗಿ ತಾನು ಹುಟ್ಟಿದ ದ್ವೀಪದಲ್ಲೇ.