ಚಿಕ್ಕ ಮಕ್ಕಳ ಜೊತೆ ಗ್ರೀಸ್‌ನಲ್ಲಿ ಹಾಯಿದೋಣಿ ರಜೆ: ಹೋಗಿ ಬಂದವರು ಹೇಳಿ

ಪ್ರಶ್ನೆ: ಮಕ್ಕಳಿಗೆ 4 ಮತ್ತು 7 ವರ್ಷ. ಬರುವ ಬೇಸಿಗೆಯಲ್ಲಿ ಗ್ರೀಸ್‌ಗೆ ಹೋಗಿ, ಒಂದು ವಾರ ಹಾಯಿದೋಣಿ ಬಾಡಿಗೆಗೆ ತಗೊಂಡು ದ್ವೀಪ ಸುತ್ತುವ ಆಸೆ. ನಮ್ಮ ಯಜಮಾನರಿಗೆ ದೋಣಿ ನಡೆಸಲು ಬರುತ್ತದೆ, ಸರ್ಟಿಫಿಕೇಟ್ ಕೂಡ ಇದೆ. ನನಗೆ ಏನೂ ಗೊತ್ತಿಲ್ಲ. ಸ್ಯಾಂಟೊರಿನಿ, ಮಿಕೊನೊಸ್ ಕಡೆ ಹೋಗೋಣ ಅಂದುಕೊಂಡಿದ್ದೇವೆ. ಚಿಕ್ಕವನು ಒಂದು ಕಡೆ ಕೂರುವವನೇ ಅಲ್ಲ. ಏನೇನು ನೋಡಿಕೊಳ್ಳಬೇಕು?

ದೋಣಿ ಅಪ್ಪ:
ಖಂಡಿತ ಹೋಗಿ ಮೇಡಂ. ಆದರೆ ಸ್ಯಾಂಟೊರಿನಿ, ಮಿಕೊನೊಸ್ ಈಗ ಬೇಡ. ಅವು ಏಜಿಯನ್ ಸಮುದ್ರದಲ್ಲಿವೆ. ಅಲ್ಲಿ ಜುಲೈ, ಆಗಸ್ಟ್‌ನಲ್ಲಿ ಉತ್ತರದಿಂದ ಮೆಲ್ಟೆಮಿ ಅನ್ನುವ ಗಾಳಿ ಬೀಸುತ್ತದೆ. ತಲೆ ಮೇಲೆ ಒಂದು ಮೋಡವೂ ಇರುವುದಿಲ್ಲ, ಗಾಳಿ ಮಾತ್ರ ಬೋಫರ್ಟ್ ಲೆಕ್ಕದಲ್ಲಿ (ಗಾಳಿಯ ಬಲ ಅಳೆಯುವ 0ರಿಂದ 12ರ ಮಾಪನ) 6, 7 ಮುಟ್ಟಿ ದಿನಗಟ್ಟಲೆ ಬಿಡುವುದಿಲ್ಲ. ದೊಡ್ಡವರೇ ಹೈರಾಣಾಗುತ್ತಾರೆ.

ಪಶ್ಚಿಮಕ್ಕೆ, ಅಯೋನಿಯನ್ ಸಮುದ್ರದ ಕಡೆ ಹೋಗಿ. ಲೆಫ್ಕಾಡಾ, ಮೆಗಾನಿಸಿ, ಇಥಾಕಾ, ಕೆಫಲೋನಿಯಾ ದ್ವೀಪಗಳೆಲ್ಲ ಅಕ್ಕಪಕ್ಕ. ಬೇಸಿಗೆಯಲ್ಲಿ ಬೆಳಗ್ಗೆ ಸಾಮಾನ್ಯವಾಗಿ ಗಾಳಿ ಇರುವುದೇ ಇಲ್ಲ. ಮಧ್ಯಾಹ್ನದ ಮೇಲೆ ವಾಯವ್ಯದಿಂದ ಮಾಯಿಸ್ಟ್ರೊ ಅನ್ನುವ ಗಾಳಿ ಏಳುತ್ತದೆ, ಕತ್ತಲಾಗುವ ಹೊತ್ತಿಗೆ ಇಳಿಯುತ್ತದೆ. ಮಕ್ಕಳ ದಿನಚರಿಗೆ ಹೇಳಿ ಮಾಡಿಸಿದ ಹಾಗಿದೆ. ಬೆಳಗ್ಗೆ ಕೊಲ್ಲಿಯಲ್ಲಿ ಈಜು, ಊಟ ಆದ ಮೇಲೆ ಎರಡು ಗಂಟೆ ಹಾಯಿ, ಸಂಜೆ ದಡ. ದೋಣಿ ಗಂಟೆಗೆ 5 ನಾಟಿಕಲ್ ಮೈಲಿ ಹೋದರೆ ಚೆನ್ನಾಗಿ ಹೋಯಿತು ಅಂತ, ಅಂದರೆ ಸುಮಾರು 9 ಕಿ.ಮೀ. ನಕ್ಷೆಯಲ್ಲಿ 'ಇಷ್ಟೇ ದೂರ' ಅನ್ನಿಸುವುದು ಅರ್ಧ ದಿನ ತಿನ್ನುತ್ತದೆ. ದಿನಕ್ಕೆ 10 ಮೈಲಿ ಸಾಕು.

ಈಗ ಮುಖ್ಯ ವಿಷಯ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಅಂದರೆ ಕೈ ಸಾಲುವುದಿಲ್ಲ. ದಾರಿಯುದ್ದಕ್ಕೂ ಪರವಾಗಿಲ್ಲ, ಕಷ್ಟ ಇರುವುದು ದಡ ಹಿಡಿಯುವಾಗ. ಗ್ರೀಸ್‌ನ ಬಂದರುಗಳಲ್ಲಿ ಬಹುತೇಕ ಕಡೆ ಸ್ವಲ್ಪ ದೂರದಲ್ಲೇ ಲಂಗರು ಇಳಿಸಿ, ಸರಪಳಿ ಬಿಡುತ್ತಾ ಹಿಮ್ಮುಖವಾಗಿ ಬಂದು, ಹಿಂಬದಿಯಿಂದ ಎರಡು ಹಗ್ಗ ಎಸೆದು ಕಟ್ಟಬೇಕು. ಒಬ್ಬರು ಚುಕ್ಕಾಣಿಯಲ್ಲಿ, ಒಬ್ಬರು ಲಂಗರಿನ ಹತ್ತಿರ, ಆಮೇಲೆ ಅವರೇ ಓಡಿ ಬಂದು ಹಗ್ಗಕ್ಕೆ. ಅಡ್ಡಗಾಳಿ ಬಂದರೆ ಪಕ್ಕದ ದೋಣಿಯವರು ಕೂಗುತ್ತಿರುತ್ತಾರೆ, ಎಂಜಿನ್ ಅರಚುತ್ತಿರುತ್ತದೆ, ಸರಿಯಾಗಿ ಆಗಲೇ ಚಿಕ್ಕವನಿಗೆ ಉಚ್ಚೆ ಬರುತ್ತದೆ. ಆ ಹತ್ತು ನಿಮಿಷ ಮಕ್ಕಳನ್ನು ಯಾರು ನೋಡುತ್ತಾರೆ? ಮೊದಲು ಇದಕ್ಕೆ ಉತ್ತರ ಹುಡುಕಿ, ದೋಣಿ ಆಮೇಲೆ ಬುಕ್ ಮಾಡಿ.

ಇನ್ನೊಂದು ತೊಡಕೂ ಇದೆ. ದೋಣಿ ನಡೆಸಿಕೊಡುವ ಸ್ಕಿಪ್ಪರ್ ಇಲ್ಲದೆ ನಾವೇ ನಡೆಸುವ ದೋಣಿಗೆ ಅಲ್ಲಿ ಸರ್ಟಿಫಿಕೇಟ್ ಇರುವ ಒಬ್ಬರು ಸಾಲದು. ದೋಣಿಯ ಅನುಭವ ಇರುವ ಇನ್ನೊಬ್ಬ ವಯಸ್ಕರೂ ಬೇಕು, ಅದನ್ನು ಬರೆದು ಸಹಿ ಹಾಕಿ ಕೊಡಬೇಕು. ನೀವು ಸುಮ್ನೆ ಸಹಿ ಹಾಕುವುದು ಬೇಡ. ಒಬ್ಬ ಸ್ಕಿಪ್ಪರ್‌ನನ್ನು ಗೊತ್ತು ಮಾಡಿಕೊಳ್ಳಿ. ಅವರಿಗೆ ಮಲಗಲು ಜಾಗ, ಊಟ ನಿಮ್ಮದೇ. ಇಲ್ಲವೇ ದೋಣಿ ಗೊತ್ತಿರುವ ತಮ್ಮನನ್ನೋ ಸ್ನೇಹಿತರನ್ನೋ ಕರೆದುಕೊಂಡು ಹೋಗಿ. ಆಮೇಲೆ ಫ್ಲೊಟಿಲ್ಲಾ ಅಂತ ಇದೆ: ಹತ್ತು ಹನ್ನೆರಡು ದೋಣಿ ಒಟ್ಟಿಗೆ ಹೊರಡುತ್ತವೆ, ಮುಂದಾಳು ದೋಣಿಯಲ್ಲಿ ಸ್ಕಿಪ್ಪರ್, ಎಂಜಿನಿಯರ್ ಇರುತ್ತಾರೆ. ಬೆಳಗ್ಗೆ ಎಲ್ಲರನ್ನೂ ಸೇರಿಸಿ ಅವತ್ತಿನ ಗಾಳಿ, ದಾರಿ ಹೇಳುತ್ತಾರೆ. ಸಂಜೆ ಬಂದರಲ್ಲಿ ನಿಂತು ಹಗ್ಗ ಹಿಡಿದುಕೊಳ್ಳುತ್ತಾರೆ. 7 ವರ್ಷದವರಿಗೆ ಆಡಲು ಬೇರೆ ದೋಣಿಯ ಮಕ್ಕಳೂ ಸಿಗುತ್ತಾರೆ. ಮೊದಲ ಸಲಕ್ಕೆ ನನ್ನ ಓಟು ಇದಕ್ಕೇ.

ಅವಳಿ ಮಕ್ಕಳ ಅಮ್ಮ:
ಮೇಲಿನ ಮಾತು ಪೂರ್ತಿ ನಿಜ. ನಾನು ಲೈಫ್ ಜಾಕೆಟ್ ಬಗ್ಗೆ ಹೇಳುತ್ತೇನೆ. ದೋಣಿಯಲ್ಲೇ ಕೊಡುತ್ತಾರೆ ಅಂತ ನಂಬಿಕೊಂಡು ಹೋಗಬೇಡಿ, ಅಳತೆ ಸಿಗುವುದಿಲ್ಲ. ಮಕ್ಕಳ ತೂಕಕ್ಕೆ ಹೊಂದುವ, ಒಳಗೆ ಫೋಮ್ ಇರುವ, ತೇಲಿಸುವ ಬಲ 100 ನ್ಯೂಟನ್ ಇರುವುದನ್ನು ತಗೊಳ್ಳಿ. ಕತ್ತಿನ ಹಿಂದೆ ಕಾಲರ್ ಇರಬೇಕು, ಮೇಲೆತ್ತಲು ಹಿಡಿ ಇರಬೇಕು, ಕಾಲುಗಳ ನಡುವೆ ಹಾಯುವ ಪಟ್ಟಿ ಇರಲೇಬೇಕು. ಹಾಕಿ, ಬಕಲ್ ಬಿಗಿದು, ಭುಜದ ಹತ್ತಿರ ಹಿಡಿದು ಮಗುವನ್ನು ಮೆಲ್ಲಗೆ ಎತ್ತಿ ನೋಡಿ. ಜಾಕೆಟ್ ಮೇಲೇರಿ ಗಲ್ಲ, ಕಿವಿ ಮುಚ್ಚಿದರೆ ಅದು ದೊಡ್ಡದು. ಹೊರಡುವ ಮುಂಚೆಯೇ ಈಜುಕೊಳದಲ್ಲಿ ಹಾಕಿಸಿ ತೇಲಿಸಿ, ಇಲ್ಲದಿದ್ದರೆ ಮೊದಲ ದಿನ ರಂಪ ಗ್ಯಾರಂಟಿ.

ನಮ್ಮಲ್ಲಿ ಕ್ಯಾಬಿನ್ ಮೆಟ್ಟಿಲು ಹತ್ತುವ ಮೊದಲೇ ಜಾಕೆಟ್. ದೋಣಿ ಕಟ್ಟಿ ನಿಂತಿದ್ದರೂ ಅಷ್ಟೇ. ಇದರಲ್ಲಿ ಚೌಕಾಸಿ ಇಲ್ಲ. ಡೆಕ್ ಅಂಚಿನ ತಂತಿಗಳಿಗೆ ಬಲೆ ಕಟ್ಟಿಕೊಡಿ ಅಂತ ಬುಕಿಂಗ್ ಮಾಡುವಾಗಲೇ ಕೇಳಿ. ಬಲೆ ಇದೆ ಅಂತ ಕಣ್ಣು ತೆಗೆಯುವ ಹಾಗಿಲ್ಲ ಅಷ್ಟೇ. ಹಗ್ಗ ಸುತ್ತಿ ಬಿಗಿಯುವ ವಿಂಚ್‌ಗೆ ಬೆರಳು, ಹಾಯಿಯ ಕೆಳಗಿನ ಅಡ್ಡಕಂಬಕ್ಕೆ (ಬೂಮ್) ತಲೆ ಸಿಗದ ಒಂದು ಮೂಲೆ ಕಾಕ್‌ಪಿಟ್‌ನಲ್ಲಿ (ಚುಕ್ಕಾಣಿ ಇರುವ, ಎಲ್ಲರೂ ಕೂರುವ ಜಾಗ) ಗುರುತಿಸಿ, 'ಇದು ನಿನ್ನ ಸೀಟು' ಅನ್ನಿ.

ವಾಂತಿ ವಿಷಯ: ಎರಡು ವರ್ಷದ ಒಳಗಿನವರಿಗೆ ಅಪರೂಪ, ನಿಮ್ಮ ಮಕ್ಕಳದು ಸರಿಯಾಗಿ ವಾಂತಿ ಬರುವ ವಯಸ್ಸು. ದೋಣಿ ಓಡುವಾಗ ಕೆಳಗೆ ಕ್ಯಾಬಿನ್‌ನಲ್ಲಿ ಟ್ಯಾಬ್ ಹಿಡಿದು ಕೂರಿಸಿದರೆ ಮುಗೀತು. ಮೇಲೆಯೇ ಇರಲಿ, ದೂರದ ದಡ ನೋಡಲಿ, ಚುಕ್ಕಾಣಿ ಹಿಡಿಯಲಿ. ಮಾತ್ರೆ ಬೇಕಾದರೆ ಮೊದಲೇ ಡಾಕ್ಟರ್ ಹತ್ತಿರ ಕೇಳಿ, ಹೊರಡುವ ಮೊದಲು ಕೊಡಬೇಕು. ಶುರುವಾದ ಮೇಲೆ ಕೊಟ್ಟರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಕಟಮರಾನ್ ಪಕ್ಷ:
ಯಾರೂ ಕಟಮರಾನ್ ಹೆಸರೇ ಎತ್ತಿಲ್ಲ! ಎರಡು ಒಡಲಿನ ದೋಣಿ, ಒಂದೇ ಪಕ್ಕಕ್ಕೆ ವಾಲಿಕೊಂಡು ಓಡುವುದಿಲ್ಲ, ಅಡುಗೆ ಮಾಡುತ್ತಲೇ ಮಕ್ಕಳು ಕಣ್ಣಿಗೆ ಕಾಣುತ್ತಾರೆ. ಲಂಗರು ಹಾಕಿ ನಿಂತಾಗ ಮುಂಭಾಗದಲ್ಲಿ ಎರಡು ಒಡಲುಗಳ ನಡುವೆ ಕಟ್ಟಿರುವ ಬಲೆಯ ಮೇಲೆ ಹೊರಳಾಡಬಹುದು. ಬಾಡಿಗೆ ಜಾಸ್ತಿ, ಒಪ್ಪಿದೆ. ಚಿಕ್ಕ ಬಂದರುಗಳಲ್ಲಿ ಅಷ್ಟು ಅಗಲದ ಜಾಗ ಸಿಗುವುದೂ ಕಷ್ಟ, ಮಧ್ಯಾಹ್ನವೇ ಹೋಗಿ ಹಿಡಿಯಬೇಕು. ನಿಜ ಹೇಳಬೇಕೆಂದರೆ, ದೋಣಿ ವಾಲುವಾಗ ಕಿರುಚಿ ಖುಷಿಪಡುವ ಮಕ್ಕಳಿಗೆ ಇದು ಸಪ್ಪೆ.

ಟಾಯ್ಲೆಟ್ ಪಾಠ ಮೊದಲ ದಿನವೇ ಮಾಡಿ. ಪೈಪು ಸಣ್ಣದು, ಹೊಟ್ಟೆಯಿಂದ ಬಂದದ್ದು ಬಿಟ್ಟು ಬೇರೇನೂ ಹಾಕಬಾರದು, ಪೇಪರ್ ಕೂಡ ಕಸದ ಚೀಲಕ್ಕೆ. ಗಟ್ಟಿ ಸೂಟ್‌ಕೇಸ್ ಬೇಡ, ಇಡಲು ಜಾಗವೇ ಇಲ್ಲ. ಮಡಚುವ ಬ್ಯಾಗ್ ತನ್ನಿ. ಶಾಲೆ ರಜೆ ಹೊಂದಿಸಬಹುದಾದರೆ ಸೆಪ್ಟೆಂಬರ್ ನೋಡಿ, ನೀರು ಮೇ ತಿಂಗಳಿಗಿಂತ ಬೆಚ್ಚಗಿರುತ್ತದೆ, ಜನವೂ ಕಡಿಮೆ. ಬಾಡಿಗೆ ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೆ, ದೋಣಿ ಕೈಗೆ ಸಿಗುವಾಗ ಸಂಜೆ ಆಗಿರುತ್ತದೆ. ಅವತ್ತು ಹೊರಡಬೇಡಿ. ದಿನಸಿ ತುಂಬಿಸಿ, ಯಾರು ಯಾವ ಹಾಸಿಗೆ ಅನ್ನುವ ಜಗಳ ಮುಗಿಸಿ, ಅಲ್ಲೇ ಕಟ್ಟಿದ ದೋಣಿಯಲ್ಲಿ ಮಲಗಿ.